ನನಗೆ ಕೋರು, ಊರಿಗೆಲ್ಲ ಕಲ್ಲು

ಕಲ್ಲಿನ ಸಹವಾಸ ಮಾಡಿದವರಿಗೆ ಸಿಟ್ಟು ಬರುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಒಂದು ಮುಗಿಯಿತು ಎಂದು ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಸಿಟ್ಟು ಕಲ್ಲಿನ ಮೇಲಲ್ಲ. ಕಲ್ಲು ಪಾಪ, ಇಟ್ಟಲ್ಲಿ ಇರುತ್ತದೆ. ಅದನ್ನು ಇಟ್ಟಲ್ಲಿ ಇರಗೊಡದವರ ಮೇಲೆ ನನ್ನ ಸಿಟ್ಟು.

ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಯಾರದಾದರೂ ಮದುವೆಗೆ ಹೋದರೆ ಸಾಕು, ಬೀಗರು ಉಂಗುರ ಬಿಚ್ಚಿ ಕೈಗೆ ಕೊಟ್ಟು ಹರಳು ಅಸಲಿಯೋ ನಕಲಿಯೋ ಹೇಳಿ ಎನ್ನುತ್ತಾರೆ. ಮನೆ ಕಟ್ಟುವವರು ಬೋರಿಗೆ ಎಲ್ಲಿ ನೀರು ಬೀಳುತ್ತದೆ ಎಂದು ತೆಂಗಿನಕಾಯಿ ಹಿಡಿದುಕೊಂಡು ಬರುತ್ತಾರೆ. ಇವೆರಡನ್ನೂ ಹೇಗೋ ಸಹಿಸಿಕೊಂಡಿದ್ದೆ. ಕೋರು ಬಂದ ಮೇಲೆ ಸಹನೆ ಮುಗಿಯಿತು.

ಕೋರು ಎಂದರೆ ಇಷ್ಟೇ. ಟೊಳ್ಳು ಕೊಳವೆಯಿಂದ ನೆಲವನ್ನು ಆಳಕ್ಕೆ ಕೊರೆದರೆ ಒಳಗಿನ ಕಲ್ಲು ಉದ್ದನೆಯ ದುಂಡು ತುಂಡುಗಳಾಗಿ ಮೇಲೆ ಬರುತ್ತದೆ, ಲಟ್ಟಣಿಗೆಗಿಂತ ತುಸು ದಪ್ಪ. ಆ ತುಂಡುಗಳನ್ನು ಬಂದ ಕ್ರಮದಲ್ಲೇ ಪೆಟ್ಟಿಗೆಯೊಳಗೆ ಜೋಡಿಸುತ್ತಾರೆ, ಪುಸ್ತಕದ ಸಾಲುಗಳ ಹಾಗೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಕ್ರಮ ತಪ್ಪಿದರೆ ಅದು ಬರೀ ಕಲ್ಲು. ದೇವದುರ್ಗ ತಾಲ್ಲೂಕಿನ ಒಂದು ಹೊಲದಲ್ಲಿ ಯಾವುದೋ ಕಂಪನಿ ಖನಿಜ ಹುಡುಕುತ್ತ ಹೀಗೆ ಕೊರೆದು, ಬೇಕಾದದ್ದು ಸಿಗದೆ, ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಹೊರಡುವುದರಲ್ಲಿತ್ತು. ನಾನು ಅವರನ್ನು ಕಾಡಿ ಬೇಡಿ ಆ ಕೋರನ್ನು ನಮ್ಮ ಕಾಲೇಜಿಗೆ ತರಿಸಿದೆ.

ಅವರಿಗೆ ಬೇಡವಾದದ್ದು ನನಗೇಕೆ ಬೇಕಿತ್ತೆಂದರೆ, ಅದು ಕರಿಕಲ್ಲು. ಚಿಮಣಿಗಳಿಂದ ಹೊರಡುವ ಕಾರ್ಬನ್ ಅನಿಲವನ್ನು ನೀರಿನಲ್ಲಿ ಬೆರೆಸಿ ಕೆಲವು ಬಗೆಯ ಕರಿಕಲ್ಲಿನ ಬಿರುಕುಗಳಿಗೆ ಇಳಿಸಿದರೆ, ಅದು ಒಳಗೇ ಸುಣ್ಣದಂಥ ಬಿಳಿ ಎಳೆಯಾಗಿ ಗಟ್ಟಿಯಾಗುತ್ತದೆ. ಮತ್ತೆ ಹೊರಗೆ ಬರುವುದಿಲ್ಲ. ಯಾವ ಊರಿನ ಕಲ್ಲು ಇದಕ್ಕೆ ಆದೀತು ಎಂದು ಹುಡುಕುವವರು ಪ್ರಪಂಚದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರೆಲ್ಲ ಸೇರಿ ಒಂದು ಆನ್‌ಲೈನ್ ಭಂಡಾರ ಮಾಡಿಕೊಂಡಿದ್ದಾರೆ. ತಮ್ಮ ತಮ್ಮ ಕೋರಿನ ಫೋಟೋ, ಆಳ, ಪರೀಕ್ಷೆಯ ವಿವರ ಎಲ್ಲವನ್ನೂ ಅಲ್ಲಿ ಹಾಕುತ್ತಾರೆ, ಬೇಕಾದವರು ನೋಡಿಕೊಳ್ಳುತ್ತಾರೆ. ನಮ್ಮ ಸೀಮೆಯ ಕಲ್ಲು ಅದರಲ್ಲಿ ಒಂದೂ ಇರಲಿಲ್ಲ. ನನಗೆ ಅದು ಅವಮಾನದಂತೆ ಕಂಡಿತು.

ಪ್ರಿನ್ಸಿಪಾಲರಿಗೆ ಅವಮಾನ ಕಂಡದ್ದು ಬೇರೆ ಕಡೆ. ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು, ಅವರಿಗೆ ಊಟಕ್ಕೆ ಒಂದು ಒಳ್ಳೆಯ ಕೋಣೆ ಇರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ನನ್ನ ಪೆಟ್ಟಿಗೆಗಳು ಕೂತಿದ್ದವು. ಅವರು ನನ್ನನ್ನು ಕರೆದು ಒಂದೇ ಮಾತಿನಲ್ಲಿ ಮುಗಿಸಿದರು: ತಂಡ ಬರುವುದರೊಳಗೆ ಹೊರಗಿನವರು ಯಾರಾದರೂ ಈ ಕಲ್ಲು ಬೇಕು ಎಂದು ಬಂದರೆ ಶೆಡ್ಡು ನನ್ನದು, ಇಲ್ಲದಿದ್ದರೆ ಕಲ್ಲು ಬಯಲಿಗೆ. ಮಳೆಗೆ ಬಿಸಿಲಿಗೆ ಬಿದ್ದರೆ ಪೆಟ್ಟಿಗೆ ಎಷ್ಟು ದಿನ, ಕ್ರಮ ಎಷ್ಟು ದಿನ? ನನಗೆ ರಾತ್ರಿ ಊಟ ಸೇರಲಿಲ್ಲ.

ಹೊಗೆಗೆ ಜಾಗ

ಪೆಟ್ಟಿಗೆ ತರಲು ದೇವದುರ್ಗದ ಆ ಹೊಲಕ್ಕೆ ಹೋದ ದಿನವೇ ಮೊದಲ ಕಿರಿಕಿರಿ. ಅರ್ಧ ಊರು ಅಲ್ಲಿ ನೆರೆದಿತ್ತು. ಎಲ್ಲರದೂ ಒಂದೇ ಪ್ರಶ್ನೆ, ಬಂಗಾರ ಸಿಕ್ಕಿತೇ? ಇಲ್ಲ ಎಂದರೆ ನಂಬುವವರಿಲ್ಲ. ಇಷ್ಟು ದೊಡ್ಡ ಮಿಷನ್ನು ತಂದು, ಇಷ್ಟು ಡೀಸೆಲ್ ಸುಟ್ಟು, ಕೊನೆಗೆ ಕಲ್ಲು ಹೊತ್ತುಕೊಂಡು ಹೋಗಲಿಕ್ಕೆ ಇವರಿಗೆ ಹುಚ್ಚೇ ಎಂಬುದು ಅವರ ವಾದ. ಒಬ್ಬರಂತೂ ಪ್ರತಿ ಪೆಟ್ಟಿಗೆಯನ್ನೂ ಮೂಸಿ ನೋಡಿದರು. ಬಂಗಾರಕ್ಕೆ ವಾಸನೆ ಇದೆಯೆಂದು ಅವರಿಗೆ ಯಾರು ಹೇಳಿದ್ದರೋ ತಿಳಿಯದು.

ಸರಿ, ತಿಳಿಸಿಯೇ ಬಿಡೋಣ ಎಂದು ನಾನು ಬೇವಿನ ಮರದ ಕೆಳಗೆ ನಿಂತು ಪಾಠ ಶುರು ಮಾಡಿದೆ. ಚಿಮಣಿಯ ಹೊಗೆ, ಅದರಿಂದ ಏರುವ ಬಿಸಿಲು, ಆ ಹೊಗೆಯೊಳಗಿನ ಅನಿಲವನ್ನು ನೆಲದಡಿ ಕಳಿಸಿ ಕಲ್ಲು ಮಾಡುವ ಉಪಾಯ, ಎಲ್ಲವನ್ನೂ ಒಂದೂ ಇಂಗ್ಲಿಷ್ ಪದ ಬಳಸದೆ ಹೇಳಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಂತಿತ್ತು. ಮುಂದೆ ಕೂತಿದ್ದ ಒಬ್ಬ ಮುದುಕಿ ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿದಳು. ಕೇಳಿ ಮುಗಿಸಿ ಎದ್ದು ನಿಂತಳು.

"ಅಂದ್ರ ಯವ್ವಾ, ಹೊಗಿ ಹುಗಿಯಾಕ ಜಾಗ ಹುಡುಕಾಕತ್ತೀರಿ. ನಮ್ಮ ಓಣ್ಯಾಗ ಯಾರಾರ ಸತ್ರ ಮಣ್ಣು ಕೊಡಾಕ ಗೇಣು ಜಾಗ ಇಲ್ಲ. ಅರ್ಜಿ ಕೊಟ್ಟು ಕೊಟ್ಟು ನನ್ನ ಗಂಡನೂ ಹೋದ, ಅವನ್ನೂ ಹಳ್ಳದ ದಂಡ್ಯಾಗ ಇಟ್ಟು ಬಂದ್ವಿ. ಹೊಗಿಗೆ ಇಷ್ಟು ಮಂದಿ ಅದೀರಿ, ನಮಗ ಒಬ್ಬರೂ ಇಲ್ಲ."

ಅವಳ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ, ಅದು ನ್ಯಾಯವಾದ ಸಿಟ್ಟು. ಸ್ಮಶಾನದ ಜಾಗ ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಹೇಳುವಾಗ ನನಗೇ ನಾಚಿಕೆಯಾಯಿತು. ನಾಳೆಯೇ ತಾಲ್ಲೂಕು ಕಚೇರಿಗೆ ಹೋಗಿ ಕೇಳುತ್ತೇನೆ ಎಂದೆ, ಆಮೇಲೆ ಹೋಗಿ ಕೇಳಿದೆ ಕೂಡ. ಆದರೆ ಅವಳಿಗೆ ಕಚೇರಿಯ ಮೇಲೆ ಅಷ್ಟು ನಂಬಿಕೆ ಇದ್ದಂತಿರಲಿಲ್ಲ. ಮಿಷನ್ನು ಕೊರೆದ ತೂತಿನ ಹತ್ತಿರ ಹೋಗಿ, ಬಗ್ಗಿ, ಒಳಗೆ ಇಣುಕಿ, ಅಗಲವನ್ನು ಗೇಣಿನಿಂದ ಅಳೆದು ನೋಡಿ ನನ್ನ ಕಡೆ ತಿರುಗಿದಳು.

"ಕಚೇರಿ ಬಿಡ್ರಿ. ನಾ ಇನ್ನೊಂದು ವರ್ಷಕ್ಕ ಮತ್ತಿಷ್ಟು ಸೊರಗತೀನಿ. ಇದ್ರಾಗ ನಿಂದರಿಸಿದ್ರೂ ನಡೀತದ, ಮುಚ್ಚಬ್ಯಾಡ್ರಿ."

ಗಾಲಿಗೆ ಅಡ್ಡ

ದೇವದುರ್ಗದಿಂದ ರಾಯಚೂರಿಗೆ ನೆಟ್ಟಗೆ ಬರುವ ರಸ್ತೆ ಇದೆ. ಪೆಟ್ಟಿಗೆ ಹೇರಿಕೊಂಡ ಟೆಂಪೋದ ಡ್ರೈವರ್ ಮಾತ್ರ ಬಾಗಲವಾಡ, ಮಾನ್ವಿ ಎಲ್ಲ ಸುತ್ತಿಕೊಂಡು ಬಂದ. ಬಾಗಲವಾಡದಲ್ಲಿ ಅವನ ಅಕ್ಕನ ಮನೆ. ಅಲ್ಲಿ ಊಟ ಆಯಿತು. ಅಂದು ಮಂಗಳವಾರ, ನೀರಮಾನ್ವಿಯ ಎಲ್ಲಮ್ಮನಿಗೆ ಕೈ ಮುಗಿಯದೆ ಹೇಗೆ ಮುಂದೆ ಹೋಗುವುದು? ಅಲ್ಲಿ ದರ್ಶನವೂ ಆಯಿತು. ನಾನು ಬಸ್ಸಿನಲ್ಲಿ ಬಂದು, ಶೆಡ್ಡಿನ ಮುಂದೆ ಸಂಜೆತನಕ ನಿಂತು ಕಾದು, ಅವನಿಗೆ ಫೋನ್ ಮಾಡಿ ಮಾಡಿ ಸೋತೆ.

ಬಂದ ಮೇಲೆ ಪೆಟ್ಟಿಗೆ ತೆರೆದು ನೋಡುತ್ತೇನೆ, ಒಂದು ಕಡೆ ಒಂದು ತುಂಡು ಇಲ್ಲ. ಕಂಪನಿಯವರು ಗರಗಸದಿಂದ ಉದ್ದಕ್ಕೆ ಸೀಳಿಟ್ಟಿದ್ದ ತುಂಡು ಅದು, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ದುಂಡು. ಎಲ್ಲಿ ಹೋಯಿತೆಂದು ಕೇಳಿದರೆ ಡ್ರೈವರ್ ಸ್ವಲ್ಪವೂ ಅಳುಕದೆ ಹೇಳಿದ. ಗಾಡಿಯ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲವಂತೆ. ನೀರಮಾನ್ವಿಯಲ್ಲಿ ಇಳಿಜಾರು ಇತ್ತಂತೆ. ಅದಕ್ಕೆ ಗಾಲಿಯ ಹಿಂದೆ ಅಡ್ಡ ಇಟ್ಟನಂತೆ. ನಾನು ಹೌಹಾರಿದೆ. ಹಾದಿಯಲ್ಲಿ ಬೇರೆ ಕಲ್ಲೇ ಸಿಗಲಿಲ್ಲವೇ ಎಂದು ಕೂಗಿದೆ.

"ಗಾಡಿ ತುಂಬ ಕಲ್ಲು ಇಟ್ಕೊಂಡು ಹಾದ್ಯಾಗ ಕಲ್ಲು ಹುಡುಕ್ಲೇನ್ರಿ ಮೇಡಂ?"

ಇಟ್ಟದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ತೆಗೆದದ್ದು ನೆನಪಿರಲಿಲ್ಲ. ತೆಗೆದಿರಲೇ ಇಲ್ಲ. ನಮ್ಮ ಕಡೆಯ ರಸ್ತೆಗಳಲ್ಲಿ ನಡುನಡುವೆ ಬಿದ್ದಿರುವ ಕಲ್ಲುಗಳೆಲ್ಲ ಹೀಗೆ ಯಾವನೋ ಇಟ್ಟು ಮರೆತು ಹೋದವು. ಕತ್ತಲಲ್ಲಿ ಬೈಕಿನವರು ಅವಕ್ಕೆ ಎಡವಿ ಬೀಳುತ್ತಾರೆ, ಅದಕ್ಕೆ ಯಾರೂ ಹೊಣೆಯಲ್ಲ. ಮರುದಿನ ಬೆಳಿಗ್ಗೆ ಕ್ಲಾಸು ಬಿಟ್ಟು ಅವನನ್ನೇ ಎಳೆದುಕೊಂಡು ನೀರಮಾನ್ವಿಗೆ ಹೋದೆ.

ಕಲ್ಲು ಅಲ್ಲೇ ಇತ್ತು. ಆದರೆ ಅದರ ಮೇಲೆ ಈಗ ಭತ್ತದ ಹುಲ್ಲು ಹೇರಿದ ಒಂದು ಟ್ರ್ಯಾಕ್ಟರಿನ ಗಾಲಿ ಒರಗಿತ್ತು. ಟ್ರ್ಯಾಕ್ಟರಿನವನು ಅದೇ ಹುಲ್ಲಿನ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಕಲ್ಲಿನ ಮೇಲೆ ಆಳ ಬರೆದಿದ್ದ ನೀಲಿ ಬಣ್ಣದ ಗುರುತು ತೋರಿಸಿ, ಇದು ನಮ್ಮದು, ಕೂಡಲೇ ಕೊಡು ಎಂದೆ. ಅವನು ಇಲ್ಲ ಎನ್ನಲಿಲ್ಲ. ಈಗ ತೆಗೆದರೆ ಗಾಡಿ ಹೊರಳುತ್ತದೆ, ಊಟ ಆಗಲಿ ಎಂದ. ಇನ್ನೊಂದು ಕಲ್ಲು ಇಟ್ಟುಕೋ ಎಂದರೆ, ಇದು ಚೆನ್ನಾಗಿ ಕೂತಿದೆ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇದು ಸಾಮಾನ್ಯ ಕಲ್ಲಲ್ಲ, ಭೂಮಿಯ ಹೊಟ್ಟೆಯಿಂದ ತೆಗೆದದ್ದು, ಮನುಷ್ಯ ಹುಟ್ಟುವ ಮೊದಲಿನದು, ಕೋಟಿಗಟ್ಟಲೆ ವರ್ಷ ಹಳೆಯದು ಎಂದು ರಸ್ತೆಯಲ್ಲಿ ನಿಂತು ಬೈದೆ. ಅವನು ತುತ್ತು ಬಾಯಿಗಿಡುವುದನ್ನು ನಿಲ್ಲಿಸಿ ಗಂಭೀರವಾಗಿ ಕೇಳಿಸಿಕೊಂಡ.

"ಹೌದೇನ್ರಿ? ಅಷ್ಟು ವರ್ಷ ಕಾದದ್ದು, ನಾ ರೊಟ್ಟಿ ತಿನ್ನೂತನ ಕಾಯಲ್ಲೇನ್ರಿ ಅದು?"

ಹಿಮದಲ್ಲಿ ದೇವದುರ್ಗ

ಪೆಟ್ಟಿಗೆ ಬಂದವು, ತುಂಡು ಕೂಡಿತು. ಇನ್ನು ಭಂಡಾರಕ್ಕೆ ಏರಿಸಬೇಕು. ಕಂಪ್ಯೂಟರ್ ಕೋಣೆಯ ಕೀಲಿ ಕಾಲೇಜಿನ ಆಪರೇಟರ್ ಕೈಯಲ್ಲಿ. ಅವನು ಟೈಪು ಮಾಡುವಾಗ ಬೇರೆಯವರು ಕೀಬೋರ್ಡು ಮುಟ್ಟುವಂತಿಲ್ಲ. ಬೋರು ಕೊರೆದ ಜಾಗದ ಅಕ್ಷಾಂಶ ಹದಿನಾರು ಚಿಲ್ಲರೆ, ರೇಖಾಂಶ ಸುಮಾರು ಎಪ್ಪತ್ತೇಳು ಎಂದು ಬಾಯಿ ಬಿಟ್ಟು ಹೇಳಿದೆ, ಚೀಟಿಯಲ್ಲೂ ಬರೆದುಕೊಟ್ಟೆ. ಅವನು ಎರಡನ್ನೂ ಅದಲು ಬದಲು ಹಾಕಿದ. ದೊಡ್ಡ ಸಂಖ್ಯೆ ಮೊದಲು ಇದ್ದರೆ ಲಕ್ಷಣ ಅನಿಸಿತಂತೆ.

ನನಗೆ ಇದು ಗೊತ್ತಾದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ರಾಯಚೂರಿನ ಮೇ ತಿಂಗಳು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಕರೆಂಟು ಹೋಗಿತ್ತು, ಕೂಲರ್ ನಿಂತಿತ್ತು, ನಾನು ಹಾಜರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದೆ. ಆಗ ಫೋನಿಗೆ ಭಂಡಾರ ನೋಡಿಕೊಳ್ಳುವವರ ಪತ್ರ ಬಂತು. ಯಾವುದೋ ತಣ್ಣನೆಯ ದೇಶದವರು, ಬಹಳ ಮರ್ಯಾದೆಯಿಂದ ಬರೆದಿದ್ದರು. ಇಂಥ ಕಠಿಣ ಜಾಗದಲ್ಲಿ ಬೋರು ಕೊರೆದ ನಿಮ್ಮ ಕಾಲೇಜಿನ ಧೈರ್ಯವನ್ನು ಮೆಚ್ಚಿದ್ದೇವೆ, ಹಿಮಕರಡಿಗಳಿಂದ ರಕ್ಷಣೆಗೆ ಏನು ವ್ಯವಸ್ಥೆ ಮಾಡಿಕೊಂಡಿದ್ದಿರಿ, ದಯವಿಟ್ಟು ತಿಳಿಸಿ.

ನಕ್ಷೆ ತೆರೆದು ನೋಡಿದೆ. ದೇವದುರ್ಗ ತಾಲ್ಲೂಕು ಉತ್ತರ ಧ್ರುವದ ಹತ್ತಿರ, ಹಿಮದ ದ್ವೀಪವೊಂದರ ದಂಡೆಯಲ್ಲಿ ಒಂದು ಕೆಂಪು ಚುಕ್ಕೆಯಾಗಿ ಕೂತಿತ್ತು. ಕರಿಕಲ್ಲು ಹುಡುಕುವವರು ಕರ್ನಾಟಕದ ಕಡೆ ನೋಡುತ್ತಾರೆ, ಅಲ್ಲಿ ನಮ್ಮದೇ ಇಲ್ಲ. ಹಿಮದಲ್ಲಿ ಹುಡುಕುವವರಿಗೆ ನಮ್ಮದು ಬೇಕಿಲ್ಲ. ತಂಡ ಬರುವುದರೊಳಗೆ ಯಾರು ಬಂದಾರು, ಶೆಡ್ಡು ಹೇಗೆ ಉಳಿದೀತು? ಆಪರೇಟರನ್ನು ಕರೆದು ನನಗೆ ತಿಳಿದ ಮಾತುಗಳನ್ನೆಲ್ಲ ಬಳಸಿದೆ. ಅವನು ಬೆವರು ಒರೆಸಿಕೊಳ್ಳುತ್ತ ನಕ್ಷೆಯ ಹಿಮವನ್ನೇ ಆಸೆಯಿಂದ ನೋಡುತ್ತ ನಿಂತಿದ್ದ.

ಕರೆಂಟು ಬಂದ ಕೂಡಲೇ ತಿದ್ದಲು ಕೂತೆವು. ಅಷ್ಟರಲ್ಲಿ ಗದ್ದಲ ಕೇಳಿ ಪ್ರಿನ್ಸಿಪಾಲರೇ ಬಂದರು. ನಾನು ಪತ್ರ ತೋರಿಸಿದೆ, ನಕ್ಷೆ ತೋರಿಸಿದೆ, ಈ ಮನುಷ್ಯನ ಮೇಲೆ ಕ್ರಮ ತೆಗೆದುಕೊಳ್ಳಿ ಎಂದೆ. ಅವರು ಕನ್ನಡಕ ಏರಿಸಿ ಪತ್ರವನ್ನು ಎರಡು ಸಲ ಓದಿದರು. ಮುಖ ಅರಳಿತು.

"ನಮ್ಮ ಕಾಲೇಜಿನ ಹೆಸರು ಅಲ್ಲಿತನಕ ಹೋಗ್ಯಾದ. ಅವಸರ ಮಾಡಿ ಯಾಕ ತಿದ್ದತೀರಿ? ತಂಡದವರು ನೋಡಿ ಹೋಗ್ಲಿ, ಆಮ್ಯಾಲೆ ದೇವದುರ್ಗಕ್ಕ ತರೂಣು."

ಎಣ್ಣೆ

ಪ್ರಿನ್ಸಿಪಾಲರು ಬೆನ್ನು ತಿರುಗಿಸಿದ ಮೇಲೆ ನಾನೇ ತಿದ್ದಿದೆ ಎಂದು ಬೇರೆ ಹೇಳಬೇಕಿಲ್ಲ. ಇನ್ನು ಫೋಟೋ. ಕೋರನ್ನು ಒಣಗಿದ್ದಾಗ ತೆಗೆದರೆ ಬೂದಿ ಬಣ್ಣ, ಏನೂ ಕಾಣುವುದಿಲ್ಲ. ಒದ್ದೆ ಮಾಡಿದರೆ ಕಪ್ಪು ಕಪ್ಪಾಗಿ, ಬಿಳಿ ಎಳೆ ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮ ಅಟೆಂಡರ್‌ಗೆ ಇದನ್ನು ಹೇಳಿ, ಮೊದಲ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಡು, ಕ್ಲಾಸು ಮುಗಿಸಿ ಬರುತ್ತೇನೆ ಎಂದು ಹೋದೆ. ಅಟೆಂಡರ್ ನನಗಿಂತ ಹಿರಿಯ, ಕೆಲಸಗಳ್ಳ ಅಲ್ಲ, ಹೇಳಿದ್ದಕ್ಕಿಂತ ಹೆಚ್ಚೇ ಮಾಡುವ ಸ್ವಭಾವ. ನನ್ನ ಕಷ್ಟ ಇರುವುದೇ ಆ ಹೆಚ್ಚಿನಲ್ಲಿ.

ಕ್ಲಾಸು ಮುಗಿಸಿ ಬಂದರೆ ಶೆಡ್ಡು ಅಡುಗೆ ಮನೆಯಂತೆ ಘಮ್ಮೆನ್ನುತ್ತಿತ್ತು. ಪೆಟ್ಟಿಗೆಯ ಕಲ್ಲುಗಳು ಗರ್ಭಗುಡಿಯ ಮೂರ್ತಿಯ ಹಾಗೆ ಮಿರಮಿರ ಮಿಂಚುತ್ತಿದ್ದವು. ಅಟೆಂಡರ್ ಮೊಳಕೈತನಕ ಎಣ್ಣೆ ಮಾಡಿಕೊಂಡು ನನ್ನ ಮೆಚ್ಚುಗೆಗೆ ಕಾದು ನಿಂತಿದ್ದ. ನೀರು ಹಚ್ಚಿದರೆ ಆರುತ್ತದೆ, ಕರಿಕಲ್ಲು ಯಾವತ್ತೂ ಎಣ್ಣೆಗೇ ಒಲಿಯುವುದು, ಅದಕ್ಕೆ ಮನೆಯಿಂದ ತಂದೆ ಎಂದು ವಿವರಿಸಿದ.

ಎಣ್ಣೆ ಎಂದರೇನು? ಅದೂ ಕಾರ್ಬನ್ನೇ. ಕಲ್ಲಿನೊಳಗೆ ಎಷ್ಟು ಕಾರ್ಬನ್ ಇದೆ ಎಂದು ಅಳೆಯುವುದಕ್ಕಾಗಿಯೇ ಇಟ್ಟ ಕಲ್ಲಿಗೆ ಇವನು ಹೊರಗಿನಿಂದ ಕಾರ್ಬನ್ ತಿಕ್ಕಿದ್ದ. ನಾನು ಹಣೆ ಹಣೆ ಚಚ್ಚಿಕೊಂಡೆ. ಆ ಪೆಟ್ಟಿಗೆಯನ್ನು ಪರೀಕ್ಷೆಗೆ ಬಳಸಬಾರದು ಎಂದು ಕೆಂಪು ಬಣ್ಣದಲ್ಲಿ ಬರೆದಿಟ್ಟು, ಉಳಿದವುಗಳಿಗೆ ನಾನೇ ನೀರು ಹಚ್ಚಿ ಫೋಟೋ ತೆಗೆದು, ಎಣ್ಣೆ ಪೆಟ್ಟಿಗೆಯದೂ ಸೇರಿ ಎಲ್ಲವನ್ನೂ ಭಂಡಾರಕ್ಕೆ ಹಾಕಿದೆ. ವಾರದೊಳಗೆ ಉತ್ತರ ಬಂತು. ನಿಮ್ಮ ಮೊದಲ ಪೆಟ್ಟಿಗೆಯಂಥ ಸ್ಪಷ್ಟ ಫೋಟೋ ಭಂಡಾರದಲ್ಲೇ ಇನ್ನೊಂದಿಲ್ಲ, ಒದ್ದೆ ಮಾಡುವ ನಿಮ್ಮ ವಿಧಾನವನ್ನು ಎಲ್ಲರಿಗೂ ತಿಳಿಸಬೇಕೆಂದಿದ್ದೇವೆ, ಏನು ಬಳಸಿದಿರಿ? ನಾನು ನೀರು ಹಚ್ಚಿದ ಉಳಿದ ಪೆಟ್ಟಿಗೆಗಳ ಬಗ್ಗೆ ಒಂದು ಮಾತೂ ಇಲ್ಲ. ಸಿಟ್ಟಿನಿಂದ ಆ ಪತ್ರವನ್ನು ಅಟೆಂಡರ್‌ಗೆ ಓದಿ ಹೇಳಿದೆ. ಅವನಿಗೆ ಇದರಲ್ಲಿ ಸಿಟ್ಟಾಗುವಂಥದ್ದೇನೂ ಕಾಣಲಿಲ್ಲ.

"ಕುಸುಬಿ ಎಣ್ಣಿ ಅಂತ ಬರೀರಿ ಮೇಡಂ. ಶೇಂಗಾ ಎಣ್ಣಿ ಹಚ್ಚಬ್ಯಾಡ್ರಂತ ಹೇಳ್ರಿ, ಇರಿವಿ ಮುತ್ತತಾವ."

ಒಂದನೇ ನಂಬರ್ ಮಾಲು

ಕೊನೆಗೂ ಒಬ್ಬರು ಬರುತ್ತೇನೆಂದರು. ಹೈದರಾಬಾದಿನ ಸಂಶೋಧಕರು. ಭಂಡಾರದಲ್ಲಿ ನಮ್ಮ ಫೋಟೋಗಳನ್ನು ನೋಡಿ, ಕೋರಿನ ಕೆಳಭಾಗದಲ್ಲಿ ಪುಡಿಪುಡಿಯಾಗಿ ಒಡೆದ ಒಂದು ಪಟ್ಟಿ ಇದೆಯಲ್ಲ, ಅದರಲ್ಲಿ ಬಿಳಿ ಎಳೆಗಳು ತುಂಬಿಕೊಂಡಿವೆಯಲ್ಲ, ಅದನ್ನು ಕಣ್ಣಾರೆ ನೋಡಬೇಕು ಎಂದು ಬರೆದಿದ್ದರು. ಅನಿಲ ಇಳಿಯುವುದೇ ಬಿರುಕಿನಲ್ಲಿ, ಕಲ್ಲಾಗುವುದೂ ಬಿರುಕಿನಲ್ಲೇ. ಆದ್ದರಿಂದ ಇಡೀ ಕೋರಿನಲ್ಲಿ ಬೆಲೆಯುಳ್ಳದ್ದು ಆ ಒಡಕು ಭಾಗವೇ. ಅವರು ಬರುವ ದಿನವೇ ಪರಿಶೀಲನಾ ತಂಡವೂ ಬರುವುದಿತ್ತು. ನಾನು ಪತ್ರವನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಅವರು ಮುಖ ಹುಳ್ಳಗೆ ಮಾಡಿಕೊಂಡು, ಮನುಷ್ಯ ಬಂದು ನಿಂತ ಮೇಲೆ ಮಾತಾಡೋಣ ಎಂದರು.

ಅದಕ್ಕೆ ಮೊದಲು ನನ್ನನ್ನು ಒಂದು ವಾರ ಮಾನ್ವಿಗೆ ಪರೀಕ್ಷೆ ಕೆಲಸಕ್ಕೆ ಕಳಿಸಿದರು. ಹೋಗುವಾಗ ಅಟೆಂಡರ್‌ಗೆ ಹೇಳಿದೆ: ಶೆಡ್ಡಿಗೆ ದೊಡ್ಡವರು ಬರುತ್ತಾರೆ, ನೆಲ ಗುಡಿಸು, ಎಣ್ಣೆ ಮುಟ್ಟಬೇಡ. ಅವನು ಎಣ್ಣೆ ಮುಟ್ಟಲಿಲ್ಲ. ಅಷ್ಟನ್ನು ಪಾಲಿಸಿದ.

ಆ ದಿನ ಬೆಳಿಗ್ಗೆ ಸಂಶೋಧಕರನ್ನು ಕರೆದುಕೊಂಡು ಶೆಡ್ಡಿಗೆ ಬಂದೆ. ಪೆಟ್ಟಿಗೆಗಳು ಎಂದೂ ಇಲ್ಲದಷ್ಟು ಚೆಂದ ಕಾಣುತ್ತಿದ್ದವು. ಯಾಕಿಷ್ಟು ಚೆಂದ ಎಂದು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಸಂಶೋಧಕರು ಫೋನಿನಲ್ಲಿದ್ದ ಫೋಟೋ ತೆರೆದು, ಪೆಟ್ಟಿಗೆಗೆ ಹಿಡಿದು, ಇನ್ನೊಂದು ಪೆಟ್ಟಿಗೆಗೆ ಹಿಡಿದು, ನನ್ನ ಮುಖ ನೋಡಿದರು. ಫೋಟೋದಲ್ಲಿರುವ ಕಲ್ಲು ಇದಲ್ಲ ಎಂದರು. ನಾನು ಬಗ್ಗಿ ನೋಡಿದೆ. ಉದ್ದನೆಯ ತುಂಡುಗಳೆಲ್ಲ ಮುಂದಿನ ಪೆಟ್ಟಿಗೆಗಳಲ್ಲಿ, ಮಧ್ಯಮದವು ಅವುಗಳ ಹಿಂದೆ, ಗಿಡ್ಡವು ಕೊನೆಗೆ. ಮೇಲಿನ ಕಲ್ಲು ಕೆಳಗೆ, ಕೆಳಗಿನದು ಮೇಲೆ. ಒಡಕು ಭಾಗ ಎಲ್ಲೂ ಇಲ್ಲ.

ಅಟೆಂಡರ್ ಕಾಲೇಜಿಗೆ ಸೇರುವ ಮೊದಲು ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನು. ಅಲ್ಲಿ ಗಿರಾಕಿ ಬರುವ ಮೊದಲು ಮಾಲನ್ನು ಆರಿಸಿ, ಒಳ್ಳೆಯದನ್ನು ಮುಂದೆ ಚೆಲ್ಲಿ ಇಡುವುದು ಪದ್ಧತಿ. ಶೆಡ್ಡು ಉಳಿಯಬೇಕು, ಮೇಡಂ ಮರ್ಯಾದೆ ಉಳಿಯಬೇಕು ಎಂದು ಅವನು ಇಡೀ ಕೋರನ್ನು ಆರಿಸಿದ್ದ. ಒಂದನೇ ನಂಬರ್, ಎರಡನೇ ನಂಬರ್, ಮೂರನೇ ನಂಬರ್. ಒಡೆದದ್ದೆಲ್ಲಿ ಎಂದು ಕೇಳಿದೆ.

"ಅದು ಹಲ್ಕಾ ಮಾಲು, ತೆಗೆದುಬಿಟ್ಟೀನ್ರಿ. ಒಡಕು ತೋರಿಸಿದ್ರ ಗಿರಾಕಿ ನಿಂದರತಾನೇನ್ರಿ?"

ಸಂಶೋಧಕರು ಶಾಂತ ಮನುಷ್ಯ. ತನಗೆ ಬೇಕಾದದ್ದೇ ಆ ಒಡಕು, ಅದಕ್ಕಾಗಿಯೇ ಇಷ್ಟು ದೂರದಿಂದ ಬಂದದ್ದು, ಈ ಉದ್ದನೆಯ ತುಂಡುಗಳು ಬೇಡ ಎಂದು ಹೈದರಾಬಾದಿ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಅಟೆಂಡರ್‌ಗೆ ಪೂರ್ತಿ ಅರ್ಥವಾಯಿತು. ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ.

"ಬಗ್ಗಬ್ಯಾಡ್ರಿ ಮೇಡಂ. ದರ ಮುರಿಯಾಕ ಎಲ್ಲಾ ಗಿರಾಕಿನೂ ಹಿಂಗ ಅಂತಾವ."

ಅವನ ಮೇಲೆ ಕೂಗಾಡಿದೆ. ಮೊದಲ ಸಲ ಅವನ ಮುಖ ಸಣ್ಣದಾಯಿತು, ಅದನ್ನು ನೋಡಿ ನನಗೆ ಅಳುವೂ ಬಂತು, ಸಿಟ್ಟೂ ಇಳಿಯಲಿಲ್ಲ. ಮೆಲ್ಲಗೆ ಬಾಯಿ ಬಿಟ್ಟ. ತಂಡ ಬರುತ್ತದೆಂದು ಪ್ರಿನ್ಸಿಪಾಲರು ಅವಸರದಿಂದ ಹೊಸ ಸೈಕಲ್ ಸ್ಟ್ಯಾಂಡ್ ಮಾಡಿಸುತ್ತಿದ್ದರು, ಅದನ್ನು ಕಟ್ಟುವ ಗೌಂಡಿಗೆ ಜಲ್ಲಿ ಕಡಿಮೆ ಬಿತ್ತಂತೆ. ಪ್ರಿನ್ಸಿಪಾಲರೇ ಬಂದು, ಶೆಡ್ಡಿನಲ್ಲಿ ಬೇಡದ ಕಲ್ಲು ಇದ್ದರೆ ಕೊಡು ಎಂದರಂತೆ. ಇವನು ಬುಟ್ಟಿ ತುಂಬಿ ಕೊಟ್ಟನಂತೆ. ಮಳೆಯಲ್ಲಿ ಗಾಲಿ ಜಾರಬಾರದೆಂದು ಹಸಿ ಕಾಂಕ್ರೀಟಿನ ಮೇಲೆ ಒಂದೊಂದೇ ಒತ್ತಿದರಂತೆ.

ಮೂವರೂ ಓಡಿದೆವು. ಹೊಸ ಸ್ಟ್ಯಾಂಡು, ಅದರ ಮೇಲೆ ಸಾಲು ಸಾಲು ಸೈಕಲ್ಲು, ಬೈಕು. ಅವುಗಳ ಅಡಿಯಲ್ಲಿ, ಸಿಮೆಂಟಿನಲ್ಲಿ ಅರ್ಧ ಮುಳುಗಿ, ನನ್ನ ಒಡಕು ಕೋರು. ಬಿಳಿ ಎಳೆಗಳು ಬಿಸಿಲಿಗೆ ಮಿಂಚುತ್ತಿದ್ದವು. ಕಿತ್ತರೆ ಪುಡಿಯಾಗುತ್ತದೆ, ಬಿಟ್ಟರೆ ಗಾಲಿಗೆ ಸವೆಯುತ್ತದೆ. ಸಂಶೋಧಕರು ಅಂಗಿಯ ಜೇಬಿನಿಂದ ಭೂತಗನ್ನಡಿ ತೆಗೆದು, ಎರಡು ಬೈಕುಗಳ ನಡುವೆ ಬೋರಲಾಗಿ ಮಲಗಿಬಿಟ್ಟರು. ಒಂದು ತುಂಡು ನೋಡುವುದು, ಫೋನಿನ ಫೋಟೋ ನೋಡುವುದು, ಇದು ಇಂಥ ಆಳದ್ದು ಎಂದು ಗುರುತು ಹಿಡಿಯುವುದು. ಒಡೆದ ಕಲ್ಲಿನ ಅಂಚು ಒಂದರಂತೆ ಇನ್ನೊಂದು ಇರುವುದಿಲ್ಲ, ಫೋಟೋ ಭಂಡಾರದಲ್ಲಿ ಇದ್ದುದರಿಂದ ಗುರುತು ಹತ್ತಿತು. ನಾನೂ ಸೀರೆ ಸೆರಗು ಸಿಕ್ಕಿಸಿಕೊಂಡು ಕೂತೆ. ಅಟೆಂಡರ್ ಒಂದೊಂದೇ ಬೈಕನ್ನು ಎತ್ತಿ ಹೊರಗೆ ಇಡತೊಡಗಿದ.

ಆಗಲೇ ಪ್ರಿನ್ಸಿಪಾಲರು ತಂಡವನ್ನು ಕರೆದುಕೊಂಡು ಹೊಸ ಸ್ಟ್ಯಾಂಡು ತೋರಿಸಲು ಬಂದರು. ನೆಲದ ಮೇಲೆ ಮಲಗಿದ್ದವರನ್ನು ಕಂಡು ತಂಡದ ಮುಖ್ಯಸ್ಥೆ ಯಾರಿಗಾದರೂ ಏಟಾಯಿತೇ ಎಂದು ಗಾಬರಿಯಾದರು. ಸಂಶೋಧಕರು ಎದ್ದು ಮಣ್ಣು ಕೊಡವಿಕೊಂಡು ಎಲ್ಲ ವಿವರಿಸಿದರು: ಕಾರ್ಬನ್ನು, ಬಿರುಕು, ಆನ್‌ಲೈನ್ ಭಂಡಾರ, ಇಂಥ ಕಲ್ಲು ನೋಡಲು ತಾವು ಹೈದರಾಬಾದಿನಿಂದ ಬಂದದ್ದು. ಕಲ್ಲು ಇಲ್ಲಿಗೆ ಹೇಗೆ ಬಂತು ಎಂದು ಹೇಳಲು ನಾನು ಬಾಯಿ ತೆರೆದೆ. ನನಗಿಂತ ಮೊದಲು ಪ್ರಿನ್ಸಿಪಾಲರು ತೆರೆದರು. ಒಳಗೆ ಬೀಗ ಹಾಕಿಟ್ಟರೆ ವಿದ್ಯಾರ್ಥಿಗಳಿಗೆ ಏನು ಪ್ರಯೋಜನ, ದಿನವೂ ಕಣ್ಣಿಗೆ ಬೀಳಲಿ ಎಂದು ತಾವೇ ಬಹಳ ಯೋಚಿಸಿ ಈ ಬಯಲು ವಸ್ತುಸಂಗ್ರಹಾಲಯ ಮಾಡಿಸಿದ್ದಾಗಿ ಹೇಳಿದರು. ತಂಡದವರು ಚಪ್ಪಾಳೆ ತಟ್ಟಿದರು. ನನ್ನ ರಕ್ತ ಕುದಿಯಿತು. ಆ ಚಪ್ಪಾಳೆಯನ್ನು ನೆನೆದರೆ ಈಗಲೂ ಕುದಿಯುತ್ತದೆ.

ಆದರೆ ಅಷ್ಟು ದೊಡ್ಡ ಮಾತು ಆಡಿಬಿಟ್ಟ ಮೇಲೆ ಅವರು ಶೆಡ್ಡು ಕೇಳುವಂತಿರಲಿಲ್ಲ. ತಂಡದವರಿಗೆ ಊಟ ಮರದ ಕೆಳಗೆ ಆಯಿತು. ನಾವು ಉಳಿದ ಕೋರನ್ನು ಫೋಟೋ ನೋಡಿ ನೋಡಿ ಮತ್ತೆ ಕ್ರಮಕ್ಕೆ ತಂದೆವು, ಅಟೆಂಡರ್ ಒಂದನೇ ನಂಬರ್ ತುಂಡುಗಳನ್ನು ಮೂರನೇ ನಂಬರ್ ತುಂಡುಗಳ ಪಕ್ಕ ಇಡುವಾಗ ಪ್ರತಿ ಸಲ ನಿಟ್ಟುಸಿರು ಬಿಟ್ಟ. ಸಿಮೆಂಟಿನಲ್ಲಿ ಕೂತದ್ದನ್ನು ಕೀಳದೆ, ಅದರ ಮೇಲೆ ಆಳದ ಗುರುತು ಬರೆದು ಭಂಡಾರಕ್ಕೆ ಏರಿಸಿದೆವು. ಕೋರು ಎಲ್ಲಿದೆ ಎಂಬಲ್ಲಿ ರಾಯಚೂರಿನ ಕಾಲೇಜೊಂದರ ಸೈಕಲ್ ಸ್ಟ್ಯಾಂಡ್ ಎಂದೇ ಬರೆಯಬೇಕಾಯಿತು. ಈಗ ಬೇರೆ ಬೇರೆ ಕಡೆಯಿಂದ ನೋಡಲು ಬರುತ್ತೇವೆ ಎನ್ನುತ್ತಾರೆ.

ಬರುವವರ ಮುಂದೆ ಕಾಲೇಜಿನ ಮಾನ ಉಳಿಯಬೇಕಲ್ಲ. ಪ್ರಿನ್ಸಿಪಾಲರು ಪೇಂಟರನ್ನು ಕರೆಸಿ ಸ್ಟ್ಯಾಂಡಿನ ಮುಂದೆ ಬೋರ್ಡು ಬರೆಸಿದ್ದಾರೆ. ಮೇಲೆ ದೊಡ್ಡ ಅಕ್ಷರದಲ್ಲಿ "ಸೈಕಲ್ ಸ್ಟ್ಯಾಂಡ್". ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, "ಇಲ್ಲಿ ಸೈಕಲ್ ನಿಲ್ಲಿಸಬಾರದು".